ನೋಡಿದವನು ಹೇಳಬೇಕಾದ ಮಾತು

ಸಂಗೀತ ಕಚೇರಿ ಮುಗಿಸಿ ಹೊರಬರುವಾಗ ರಾಗಜ್ಞಾನವಿಲ್ಲದವನು ಸುಮ್ಮನಿರುತ್ತಾನೆ. ಚಿತ್ರಕಲೆಯ ಪ್ರದರ್ಶನದಲ್ಲಿ ಅರ್ಥವಾಗದವನು ಗಂಭೀರವಾಗಿ ತಲೆದೂಗಿ ಮುಂದಿನ ಪಟದ ಕಡೆಗೆ ಸರಿಯುತ್ತಾನೆ. ಆದರೆ ಸಿನಿಮಾ ಮಂದಿರದಿಂದ ಹೊರಬಿದ್ದವರಲ್ಲಿ ಬಾಯಿ ಬಿಡದೆ ಮನೆ ಸೇರಿದವರನ್ನು ನಾನು ಕಂಡಿಲ್ಲ. ಬಾಗಿಲು ದಾಟುವ ಮೊದಲೇ ತೀರ್ಪು ಹೊರಟಿರುತ್ತದೆ. ನಾಯಕ ಚೆನ್ನಾಗಿ ಮಾಡಿದ್ದಾನೆ, ನಾಯಕಿ ಸಾಲದು, ದ್ವಿತೀಯಾರ್ಧ ಎಳೆಯಿತು, ಹಿಂದಿನ ಚಿತ್ರವೇ ವಾಸಿ. ಇಷ್ಟು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಯಾವ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕಾಗಿಯೂ ಇಲ್ಲ.

ಇದು ದೋಷವೆಂದು ನಾನು ಹೇಳಹೊರಟಿಲ್ಲ. ಊರ ಮುಂದಿನ ಅರಳೀಕಟ್ಟೆಯಂತೆ ಚಲನಚಿತ್ರವೂ ಎಲ್ಲರಿಗೂ ಸೇರಿದ ಜಾಗ. ಅಲ್ಲಿ ಕುಳಿತು ಮಾತನಾಡುವ ಹಕ್ಕು ಪಂಡಿತನಿಗೆ ಎಷ್ಟೋ, ಗಾಡಿ ಹೊಡೆಯುವವನಿಗೂ ಅಷ್ಟೆ. ಐವತ್ತು ವರ್ಷಕ್ಕೂ ಮೀರಿ ಆ ಕಟ್ಟೆಯ ಮೇಲೆ ಕುಳಿತು ಬಂದವನು ನಾನು. ಯಾವ ಪತ್ರಿಕೆಗೂ ವಿಮರ್ಶೆ ಬರೆದವನಲ್ಲ, ಬರಿಯ ಅಭಿಮಾನಿ. ಆದರೆ ಇಷ್ಟು ಕಾಲ ಇಷ್ಟು ಮಾತು ಆಡಿದ ಮೇಲೆ, ಆಡಿದ ಮಾತುಗಳಲ್ಲಿ ಉಳಿಯತಕ್ಕದ್ದು ಯಾವುದು, ಗಾಳಿಗೆ ಹೋದದ್ದು ಯಾವುದು ಎಂಬ ಲೆಕ್ಕವನ್ನು ನೋಡಿಕೊಳ್ಳುವುದು ಕರ್ತವ್ಯವೆಂದು ತೋರುತ್ತದೆ.

ಅಭಿಮಾನಿಯ ಮಾತಿನಲ್ಲಿ ಮೂರು ಬಗೆಯುಂಟು. ಒಂದು, ವ್ಯಕ್ತಿಯ ಸ್ತುತಿ: ನಮ್ಮ ನಟನಿಗೆ ಸಮಾನರಿಲ್ಲ ಎಂಬುದು. ಎರಡು, ಅಂಕಿಯ ಲೆಕ್ಕ: ಎಷ್ಟು ವಾರ ಓಡಿತು, ಎಷ್ಟು ಹಣ ಬಂತು ಎಂಬುದು. ಮೂರನೆಯದು, ಕಂಡದ್ದರ ನೆನಪು: ಇಂತಹ ಸನ್ನಿವೇಶದಲ್ಲಿ ಇಂತಹ ನಟ ಹೀಗೆ ಮಾಡಿದ, ಅದರಿಂದ ನನಗೆ ಹೀಗೆನಿಸಿತು ಎಂಬುದು. ಮೊದಲೆರಡು ಬಗೆಯ ಮಾತಿಗೆ ಚಿತ್ರವನ್ನು ನೋಡಿರಲೇಬೇಕೆಂಬ ನಿಯಮವಿಲ್ಲ. ಮೂರನೆಯದಕ್ಕೆ ಕಣ್ಣು ಬೇಕು, ಅದಕ್ಕಿಂತ ಹೆಚ್ಚಾಗಿ ಮನಸ್ಸು ಬೇಕು. ಕಷ್ಟವಾದುದರಿಂದಲೇ ಇರಬೇಕು, ಅದು ನಮ್ಮಲ್ಲಿ ಎಲ್ಲಕ್ಕಿಂತ ವಿರಳ.

ಅಂಕಿಯ ಮಾತನ್ನೇ ನೋಡೋಣ. ಸಿದ್ಧಲಿಂಗಯ್ಯನವರ ನಿರ್ದೇಶನದ ‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಗೆ ಬಂದು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದನ್ನು ಅರಿಯದ ಕನ್ನಡಿಗರು ಕಡಮೆ. ಆದರೆ ಆ ಚಿತ್ರದಲ್ಲಿ ರಾಚೂಟಪ್ಪನ ಪಾತ್ರ ಮಾಡಿದ ಟಿ. ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂಬುದನ್ನು ಎಷ್ಟು ಮಂದಿ ನೆನೆಯುತ್ತಾರೆ? ಎದುರಿನವರ ತುಟಿಯ ಚಲನೆಯನ್ನು ಕಣ್ಣಿನಿಂದ ಓದಿಕೊಂಡು ತಮ್ಮ ಮಾತನ್ನು ಸರಿಯಾದ ಕ್ಷಣಕ್ಕೆ ಎತ್ತುತ್ತಿದ್ದ ಕಲಾವಿದರು ಅವರು. ಅದನ್ನು ತಿಳಿದು ಚಿತ್ರವನ್ನು ಮತ್ತೆ ನೋಡಿದರೆ, ಎದುರಿನವರ ಮೇಲೆ ಅವರು ನೆಟ್ಟ ದೃಷ್ಟಿಗೆ ಬೇರೆಯೇ ಅರ್ಥ ಬರುತ್ತದೆ. ಎರಡು ವರ್ಷದ ಓಟ ಇತಿಹಾಸಕ್ಕೆ ಸೇರಿತು. ಆ ದೃಷ್ಟಿ ಮಾತ್ರ ಇಂದಿಗೂ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಅಭಿನಯ ಎಲ್ಲಿದೆ?

ನಮ್ಮ ಶಾಸ್ತ್ರಕಾರರು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದರು. ಕಂಪನಿ ನಾಟಕಗಳಿಂದ ಬಂದ ನಮ್ಮ ಹಳೆಯ ನಟವರ್ಗಕ್ಕೆ ಮೊದಲ ಮೂರೂ ಕರತಲಾಮಲಕವಾಗಿದ್ದುವು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವ ಕಂಠ, ದೂರಕ್ಕೂ ಕಾಣುವ ಅಂಗವಿನ್ಯಾಸ, ಥಳಥಳಿಸುವ ಕಿರೀಟ. ಆದರೆ ಕ್ಯಾಮರಾ ನಟನ ಮುಖದ ಹತ್ತಿರ ಬಂದು ನಿಂತಾಗ ಈ ಮೂರೂ ಹಿಂದೆ ಸರಿದು ನಾಲ್ಕನೆಯದೊಂದೇ ಸಾಕ್ಷಿ ಹೇಳಬೇಕಾಗುತ್ತದೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಎಚ್. ಎಲ್. ಎನ್. ಸಿಂಹ ಅವರು ಮುತ್ತುರಾಜನೆಂಬ ಗುಬ್ಬಿ ಕಂಪನಿಯ ತರುಣನನ್ನು ರಾಜಕುಮಾರ್ ಎಂದು ಹೆಸರಿಟ್ಟು ನಾಯಕನನ್ನಾಗಿ ನಿಲ್ಲಿಸಿದರು. ಅಂದಿನಿಂದ 1971ರ ‘ಕಸ್ತೂರಿ ನಿವಾಸ’ದವರೆಗಿನ ಹದಿನೇಳು ವರ್ಷಗಳನ್ನು ಕಂಠದಿಂದ ಕಣ್ಣಿಗೆ ಒಬ್ಬ ನಟ ನಡೆದ ದಾರಿಯೆಂದು ನಾನು ಓದುತ್ತೇನೆ.

‘ಕಸ್ತೂರಿ ನಿವಾಸ’ದ ಕಡೆಯ ಭಾಗವನ್ನು ವಾಚಕರು ಮರೆತಿರಲಾರರು. ಕೊಡುವುದನ್ನೇ ಕುಲಧರ್ಮವೆಂದು ನಂಬಿದ ರವಿವರ್ಮ ಬಡತನಕ್ಕೆ ಇಳಿದಿದ್ದಾನೆ. ಮನೆಗೆ ಬಂದ ಅತಿಥಿಗೆ ಊಟವಿಡಲು ಕಾಸಿಲ್ಲದೆ ತಾನು ಸಾಕಿದ ಪಾರಿವಾಳವನ್ನೇ ಮಾರಿಸುತ್ತಾನೆ. ಊಟವಾದ ಮೇಲೆ ತಿಳಿಯುತ್ತದೆ: ಆಕೆ ಕೇಳಲು ಬಂದುದು ಆ ಪಾರಿವಾಳವನ್ನೇ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಹದಿನಾಲ್ಕನೆಯ ಶತಮಾನದ ಇಟಲಿಯ ಬೊಕ್ಕಾಚಿಯೊ ನೆನಪಾಗಬಹುದು. ಅವನ ‘ಡೆಕಮೆರಾನ್’ ಗ್ರಂಥದಲ್ಲಿ ದರಿದ್ರನಾದ ಪ್ರೇಮಿಯೊಬ್ಬ ತನ್ನ ಪ್ರೀತಿಯ ಡೇಗೆಯನ್ನು ಕೊಂದು ಅತಿಥಿಯಾಗಿ ಬಂದ ಹೆಂಗಸಿಗೆ ಉಣಬಡಿಸುತ್ತಾನೆ. ಆಕೆ ಕಾಯಿಲೆಯ ಮಗನಿಗಾಗಿ ಆ ಡೇಗೆಯನ್ನೇ ಬೇಡಲು ಬಂದಿರುತ್ತಾಳೆ. ಆ ಕಥೆ ಮದುವೆಯಲ್ಲಿ ಮುಗಿಯುತ್ತದೆ. ಕನ್ನಡದ ಚಿತ್ರ ಸಾವಿನಲ್ಲಿ ಮುಗಿಯುತ್ತದೆ. ಕೊಡುವ ಕೈಗೆ ಕೊಡಲಾಗದ ಗಳಿಗೆ ಬಂದರೆ ಅದೇ ಅದರ ಮರಣವೆಂಬುದು ನಮ್ಮವರ ವ್ಯಾಖ್ಯಾನ. ಆ ಗಳಿಗೆಯಲ್ಲಿ ರಾಜಕುಮಾರ್ ಅವರು ಅಳುವುದಕ್ಕಿಂತ ಹೆಚ್ಚಾಗಿ ನಾಚುತ್ತಾರೆ. ದುಃಖವನ್ನು ಅಭಿನಯಿಸಬಲ್ಲವರು ಹಲವರಿದ್ದಾರೆ. ಇಲ್ಲವೆನ್ನಬೇಕಾದವನ ನಾಚಿಕೆಯನ್ನು ಅಷ್ಟು ಶುದ್ಧವಾಗಿ ತೋರಿದವರನ್ನು ನಾನು ಬೇರೆ ಕಂಡಿಲ್ಲ.

ಇದೇ ಕಥೆಯನ್ನು 1975ರಲ್ಲಿ ತಮಿಳಿನಲ್ಲಿ ಶಿವಾಜಿ ಗಣೇಶನ್ ಅಭಿನಯಿಸಿದರು. ಇಬ್ಬರಲ್ಲಿ ಯಾರು ಮೇಲು ಎಂಬ ವಾದದಲ್ಲಿ ನಾನೂ ಗಂಟಲು ಹರಿದುಕೊಂಡವನೇ. ಈಗ ಆ ಪ್ರಶ್ನೆಯೇ ಬರಡೆಂದು ತೋರುತ್ತದೆ. ಒಬ್ಬರು ದುಃಖವನ್ನು ಹೊರಕ್ಕೆ ಹರಿಯಬಿಡುತ್ತಾರೆ, ಇನ್ನೊಬ್ಬರು ಒಳಗೆ ಕಟ್ಟಿಹಾಕುತ್ತಾರೆ. ಎರಡನ್ನೂ ಸವಿಯಬಲ್ಲವನು ಇಬ್ಬರಿಂದಲೂ ಪಡೆದ. ಪಕ್ಷ ಕಟ್ಟಿದವನು ಒಬ್ಬರನ್ನು ಕಳೆದುಕೊಂಡ, ಅಷ್ಟೆ.

ಕಲ್ಪನಾ ಅವರ ವಿಷಯದಲ್ಲಿ ನನ್ನ ಅಭಿಪ್ರಾಯ ಬಹುಜನರ ಅಭಿಪ್ರಾಯಕ್ಕೆ ವಿರುದ್ಧವಾದುದು. ಎಪ್ಪತ್ತರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲ್ ಅವರು ತ್ರಿವೇಣಿಯವರ ‘ಶರಪಂಜರ’ವನ್ನು ತೆರೆಗೆ ತಂದರು. ತ್ರಿವೇಣಿಯವರು 1963ರಲ್ಲಿಯೇ ತೀರಿಕೊಂಡುದರಿಂದ ತಮ್ಮ ಕಾವೇರಿಯನ್ನು ಅವರು ಕಾಣಲಿಲ್ಲ. ಕಲ್ಪನಾ ಎಂದೊಡನೆ ಜನ ಆ ಚಿತ್ರದ ಉನ್ಮಾದದ ದೃಶ್ಯಗಳನ್ನು, ಅದರಲ್ಲಿಯೂ ಕೊನೆಯ ಆರ್ಭಟವನ್ನು ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ತೋರುವುದು ನಡುವಿನ ಭಾಗ. ಕಾವೇರಿ ಚಿಕಿತ್ಸೆ ಮುಗಿಸಿ ವಾಸಿಯಾಗಿ ಮನೆಗೆ ಬಂದಿದ್ದಾಳೆ. ಆದರೆ ಅವಳು ನಕ್ಕರೂ ಸಂಶಯ, ಸುಮ್ಮನಿದ್ದರೂ ಸಂಶಯ. ತಾನು ಸರಿಯಾಗಿದ್ದೇನೆಂದು ಕ್ಷಣಕ್ಷಣವೂ ರುಜುವಾತು ಮಾಡಬೇಕಾದ ಹೆಂಗಸಿನ ಎಚ್ಚರ, ಅಳತೆ ಮಾಡಿ ಆಡುವ ಮಾತು, ಗಂಡನ ಮುಖವನ್ನು ಓದಲು ಯತ್ನಿಸಿ ಸೋಲುವ ಕಣ್ಣು, ಇವನ್ನು ಕಲ್ಪನಾ ಸದ್ದಿಲ್ಲದೆ ಮಾಡಿದ್ದಾರೆ. ಹುಚ್ಚು ಮರಳಿ ಬಂದುದು ನಮ್ಮನ್ನು ಬೆಚ್ಚಿಸುತ್ತದೆ. ಅದು ಬರುವಂತೆ ಮಾಡಿದವರು ಸುತ್ತಲಿನ ನಾವು ಎಂಬುದನ್ನು ತಿಳಿಸುವುದು ಈ ಮೆಲುದನಿಯ ಭಾಗ. ಚಿತ್ರದ ನೀತಿಯೂ ಇಲ್ಲಿಯೇ ಇದೆ, ನಟಿಯ ಹಿರಿಮೆಯೂ ಇಲ್ಲಿಯೇ ಇದೆ.

ಉಪಾಧ್ಯಾಯ ಬಂಧುಗಳಿಗಾಗಿ ಇನ್ನೊಂದು ಉದಾಹರಣೆ. 1972ರ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಎಂದರೆ ವಾತ್ಸಲ್ಯದ ಮೂರ್ತಿ ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಕೆ. ಎಸ್. ಅಶ್ವಥ್ ಅವರ ಅಭಿನಯದಲ್ಲಿ ಇನ್ನೂ ಒಂದು ಪದರವುಂಟು. ಶಿಷ್ಯನ ಪ್ರೀತಿಯನ್ನು ಕೈಬಿಡಿಸುವಾಗ ಆ ಮೇಷ್ಟ್ರಿಗೆ ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆಂಬ ನಂಬಿಕೆ ಎಳ್ಳಷ್ಟೂ ಅಲುಗುವುದಿಲ್ಲ. ಆ ಅಲುಗದ ನಂಬಿಕೆಯೇ ರಾಮಾಚಾರಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಒಳ್ಳೆಯವನ ತಪ್ಪನ್ನು ಒಳ್ಳೆಯತನ ಕೆಡದಂತೆ ತೋರಿಸುವುದು ಖಳನ ಪಾತ್ರಕ್ಕಿಂತ ಎಷ್ಟೋ ಕಠಿನ. ತರಗತಿಯಲ್ಲಿ ನಿಂತು ನೀತಿ ಹೇಳುವ ನಮಗೆ ಆ ಮುಖ ಆಗಾಗ ನೆನಪಿಗೆ ಬಂದರೆ ಕೇಡಿಲ್ಲ.

ಬರಲಿರುವ ಚಿತ್ರದ ಮಾತು

ಇನ್ನು ಬರಲಿರುವ ಚಿತ್ರಗಳ ವಿಷಯ. ಅಭಿಮಾನಿಯ ಆಯುಸ್ಸಿನ ಅರ್ಧ ಭಾಗ ಕಾಯುವುದರಲ್ಲಿಯೇ ಕಳೆಯುತ್ತದೆ. ನಾವು ಹುಡುಗರಾಗಿದ್ದಾಗ ಜಟಕಾ ಗಾಡಿಗೆ ಎರಡು ಕಡೆಯೂ ಬಣ್ಣದ ಭಿತ್ತಿಪತ್ರ ಕಟ್ಟಿ, ತಮಟೆ ಬಾರಿಸುತ್ತ, ಕರಪತ್ರಗಳನ್ನು ಎರಚುತ್ತ ಬರುತ್ತಿದ್ದರು. ಗುಲಾಬಿ ಕಾಗದದ ಆ ಕರಪತ್ರಕ್ಕಾಗಿ ಗಾಡಿಯ ಹಿಂದೆ ಓಡಿ ಮೊಣಕಾಲು ತರಚಿಕೊಂಡವರು ಇಂದು ಅಜ್ಜಂದಿರಾಗಿದ್ದಾರೆ. ಮಂದಿರದ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂದು ಅಚ್ಚು ಹಾಕಿರುತ್ತಿದ್ದರು. ಆಗ ನಮಗೆ ಅದು ವಂಚನೆಯಂತೆ ತೋರುತ್ತಿತ್ತು. ಈಗ ಯೋಚಿಸಿದರೆ ಅಭಿಮಾನಿಗೆ ಅದಕ್ಕಿಂತ ಒಳ್ಳೆಯ ಉಪದೇಶವಿಲ್ಲ: ಮೊದಲು ನೋಡು.

ಈ ಉಪದೇಶವನ್ನು ಮೀರಿ ನಾನು ಮಾಡಿದ ಒಂದು ಅಪರಾಧವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ ಚಿತ್ರವಾಗಲಿದೆ ಎಂಬ ಸುದ್ದಿ ಬಂದಾಗ ನಾನು ವಿದ್ಯಾರ್ಥಿನಿಲಯದಲ್ಲಿದ್ದೆ. ಕಾದಂಬರಿಯನ್ನು ಎರಡು ಸಲ ಓದಿದ್ದೆನೆಂಬ ಹೆಮ್ಮೆ ಬೇರೆ. ನನ್ನ ಕಲ್ಪನೆಯ ಚೋಮನನ್ನು ಯಾವ ನಟನೂ ಮುಟ್ಟಲಾರನೆಂದೂ, ಹೆಸರು ಕೇಳಿರದ ವಯಸ್ಸಾದ ಒಬ್ಬರನ್ನು ಆರಿಸಿರುವುದೇ ಸೋಲಿನ ಗುರುತೆಂದೂ ತಿಂಗಳುಗಟ್ಟಲೆ ಸಾರಿದೆ. ಕೇಳಿದವರು ನಂಬಿದರು. ನಮ್ಮ ಕೋಣೆಯ ಸಾಲಿನಲ್ಲಿ ನಾಲ್ಕಾರು ಮಂದಿ ಆ ಚಿತ್ರಕ್ಕೆ ಹೋಗಲೇ ಇಲ್ಲ.

1975ರಲ್ಲಿ ಬಿ. ವಿ. ಕಾರಂತರ ಆ ಚಿತ್ರ ಸಿದ್ಧವಾಯಿತು. ನಾನು ನೋಡಿದ್ದು ತಡವಾಗಿ. ಎಂ. ವಿ. ವಾಸುದೇವರಾವ್ ಅವರ ಚೋಮ ಹೆಚ್ಚು ಮಾತನಾಡುವವನಲ್ಲ. ಅವನ ಸಂತೋಷ, ಕೋಪ, ಅಮಲು, ಹತಾಶೆ ಎಲ್ಲವೂ ದುಡಿಯ ಮೂಲಕ ಬರುತ್ತವೆ. ಸ್ವಂತಕ್ಕೆ ಉಳಲು ತುಂಡು ನೆಲ ಬೇಕೆಂಬ ಒಂದೇ ಆಸೆ. ಹುಟ್ಟಿದ ಜಾತಿ ಅದಕ್ಕೂ ಎಡೆಗೊಡುವುದಿಲ್ಲ. ನೀರಿನಲ್ಲಿ ಮುಳುಗುತ್ತಿರುವ ಮಗನನ್ನು, ಮುಟ್ಟಿದರೆ ಮೈಲಿಗೆಯೆಂದು, ದಡದಲ್ಲಿ ನಿಂತವರು ಎತ್ತುವುದಿಲ್ಲ. ಕೊನೆಗೆ ಚೋಮ ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ, ದುಡಿ ನಿಲ್ಲುತ್ತದೆ. ಕಾದಂಬರಿಯಲ್ಲಿ ನಾನು ಆ ದುಡಿಯನ್ನು ಓದಿದ್ದೆ, ಕೇಳಿರಲಿಲ್ಲ. ಮಂದಿರದ ಕತ್ತಲೆಯಲ್ಲಿ ಅದು ನಿಂತಾಗ ಉಂಟಾದ ನಿಶ್ಶಬ್ದದಲ್ಲಿ ನನ್ನ ತಿಂಗಳುಗಟ್ಟಲೆಯ ಮಾತೆಲ್ಲ ನನಗೇ ಕೇಳಿಸಿತು. ಚಿತ್ರಕ್ಕೆ ಸ್ವರ್ಣಕಮಲವೂ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂದುವು. ಅದು ನನ್ನ ತಪ್ಪನ್ನು ತೋರಿಸಿದ್ದಲ್ಲ, ದುಡಿಯೇ ತೋರಿಸಿತ್ತು. ನನ್ನ ಮಾತು ಕೇಳಿ ಹೋಗದೆ ಉಳಿದ ಆ ನಾಲ್ಕಾರು ಗೆಳೆಯರಿಗೆ ನಾನು ಏನು ಹಿಂದಿರುಗಿಸಬಲ್ಲೆ?

ಓದುಗರಿಗೆ ಈ ಕಾಯಿಲೆ ತುಸು ಹೆಚ್ಚೆಂದೇ ಹೇಳಬೇಕು. ಪುಸ್ತಕವನ್ನು ಪ್ರೀತಿಸಿದವನು ಚಿತ್ರವನ್ನು ಅನುವಾದದಂತೆ ಒರೆಹಚ್ಚುತ್ತಾನೆ. ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಒಂದು ಮಾಡಿ ‘ನಾಗರಹಾವು’ ಬಂದಾಗಲೂ ಈ ಜಗಳವಿತ್ತು. ಕಾದಂಬರಿ ಮನೆಯೊಳಗೇ ಇರುತ್ತದೆ, ಚಿತ್ರ ಅದನ್ನು ಕಿತ್ತುಕೊಂಡು ಹೋಗುವುದಿಲ್ಲ ಎಂಬ ಸರಳ ಸತ್ಯ ನಮಗೆ ಹೊಳೆಯುವುದಿಲ್ಲ. ಪುಟದ ಮೇಲಿಲ್ಲದ ಏನನ್ನು ತೆರೆ ಕೊಟ್ಟಿತು ಎಂದು ಕೇಳುವುದೇ ನ್ಯಾಯವಾದ ಪ್ರಶ್ನೆ. ‘ಚೋಮನ ದುಡಿ’ಯ ಮಟ್ಟಿಗೆ ಉತ್ತರ ಒಂದೇ: ಸದ್ದು.

ಇಂದು ಜಟಕಾ ಗಾಡಿಯಿಲ್ಲ. ಚಿತ್ರ ಬರುವುದಕ್ಕೆ ವರ್ಷ ಮೊದಲೇ ಅದರ ತುಣುಕು ಪ್ರತಿಯೊಬ್ಬನ ಅಂಗೈಗೆ ಬರುತ್ತದೆ. ತುಣುಕನ್ನು ಕಂಡವರು ಇಡಿಯನ್ನು ಕಂಡಂತೆ ಮಾತನಾಡುತ್ತಾರೆ, ಮೊದಲ ದಿನದ ಗಳಿಕೆಯೇ ಅಂತಿಮ ತೀರ್ಪಾಗುತ್ತದೆ. ಆದರೂ ಒಳ್ಳೆಯ ಚಿತ್ರ ಈ ಗದ್ದಲವನ್ನು ದಾಟಿಕೊಂಡು ಬಂದುದುಂಟು. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಮೊದಲು ಕನ್ನಡದಲ್ಲಿ ಬಂತು. ಎರಡು ವಾರದ ಮೇಲೆ ಹಿಂದಿಯಲ್ಲಿ ತೆರೆ ಕಂಡಿತು. ಅದನ್ನು ಗಡಿ ದಾಟಿಸಿದುದು ಮುಖ್ಯವಾಗಿ ನೋಡಿದವರ ಬಾಯಿಮಾತು. ಅದರ ಕೊನೆಯ ಭಾಗದಲ್ಲಿ ರಿಷಭ್ ಶೆಟ್ಟಿಯವರ ಮೇಲೆ ದೈವ ಬಂದಾಗ ಮಂದಿರದಲ್ಲಿ ಸೀಟಿ ಹೊಡೆಯುತ್ತಿದ್ದವರೂ ಮೌನವಾದುದನ್ನು ನಾನು ಕಂಡೆ. ಆ ಅಭಿನಯಕ್ಕೆ 2024ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. 2025ರ ಅಕ್ಟೋಬರ್ 2ರಂದು ಅದರ ಹಿಂದಿನ ಕಥೆ ತೆರೆಗೆ ಬಂದಾಗ, ದೈವದ ವೇಷ ತೊಟ್ಟು ಮಂದಿರಕ್ಕೆ ಬಂದು ಅನುಕರಿಸಬೇಡಿರೆಂದು ಚಿತ್ರ ತಯಾರಿಸಿದವರೇ ಕೇಳಿಕೊಳ್ಳಬೇಕಾಯಿತು. ಮೌನವಾದ ಅಭಿಮಾನಿಯೂ ವೇಷ ತೊಟ್ಟ ಅಭಿಮಾನಿಯೂ ಇಬ್ಬರೂ ಮೆಚ್ಚಿದವರೇ. ಮೊದಲನೆಯವನು ಕಂಡುದನ್ನು ಒಳಗೆ ಇಟ್ಟುಕೊಂಡ. ಎರಡನೆಯವನು ಅದನ್ನು ಅಲ್ಲಿಯೇ ಖರ್ಚುಮಾಡಿದ.

ತಾತನನ್ನು ಕೇಳದೆ ಬಿಟ್ಟದ್ದು

ಇಷ್ಟು ಹೇಳುವುದಕ್ಕೆ ಕಾರಣವಾದ ಒಂದು ಸಂಗತಿ ಕೊನೆಯಲ್ಲಿ ಉಳಿದಿದೆ.

ಕನ್ನಡದ ಮೊದಲ ವಾಕ್ಚಿತ್ರವಾಗಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆ ಕಂಡಿತು. ನಿರ್ದೇಶಕರು ವೈ. ವಿ. ರಾವ್, ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ಬೆಳ್ಳಾವೆ ನರಹರಿಶಾಸ್ತ್ರಿಗಳ ಸಾಹಿತ್ಯ. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನ, ಆರ್. ನಾಗೇಂದ್ರರಾವ್ ರಾವಣ. ಇವಿಷ್ಟನ್ನು ಯಾವ ವಿದ್ಯಾರ್ಥಿಯೂ ಬಾಯಿಪಾಠ ಒಪ್ಪಿಸಬಲ್ಲ. ಆದರೆ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸುಬ್ಬಯ್ಯನಾಯ್ಡು ಅವರ ಮಗ ಲೋಕೇಶ್ 1974ರ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಮಾಡಿದ ಅಯ್ಯುವನ್ನು ನಾವು ಬೇಕೆಂದಾಗ ನೋಡಬಹುದು. ತಂದೆಯ ಇಂದ್ರಜಿತುವನ್ನು ಯಾರೂ ನೋಡಲಾರರು.

ನನ್ನ ತಾತ ಅದನ್ನು ನೋಡಿದ್ದರು. ರಜೆಯ ದಿನಗಳಲ್ಲಿ ಜಗಲಿಯ ಮೇಲೆ ನಾವು ಹುಡುಗರು ನಮ್ಮ ನಮ್ಮ ನಟರ ಪರವಾಗಿ ಕಾದಾಡುತ್ತಿದ್ದಾಗ ಅವರು ಎಲೆ ಅಡಕೆ ಮೆಲ್ಲುತ್ತ ಕೇಳುತ್ತಿದ್ದರು. ಒಮ್ಮೆ ನಡುವೆ ಬಾಯಿ ಹಾಕಿ, “ಸುಬ್ಬಯ್ಯನಾಯ್ಡು ಇಂದ್ರಜಿತು ಮಾಡಿದ್ದ ಕಣ್ರೋ, ಅದನ್ನು ನೋಡಬೇಕಾಗಿತ್ತು ನೀವು” ಎಂದರು. “ನಿಮ್ಮ ಕಾಲದ್ದೆಲ್ಲ ಬರೀ ಹಾಡು, ತಾತ” ಎಂದು ನಾನು ನಕ್ಕೆ. ಅವರೂ ನಕ್ಕು ಸುಮ್ಮನಾದರು. ಮತ್ತೆ ಆ ಮಾತು ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ತೀರಿಕೊಂಡರು.

ಅಂದು ಒಂದೇ ಒಂದು ಪ್ರಶ್ನೆ ಕೇಳಬಹುದಾಗಿತ್ತು: ಹೇಗೆ ಮಾಡಿದ್ದರು, ತಾತ? ಹೆಂಡತಿಯಿಂದ ಬೀಳ್ಕೊಂಡು ಯುದ್ಧಕ್ಕೆ ಹೊರಡುವಾಗ ಅವರು ತಿರುಗಿ ನೋಡಿದರೇ, ಇಲ್ಲವೇ? ದನಿ ಏರಿಸಿದರೇ, ಇಳಿಸಿದರೇ? ನಲವತ್ತು ವರ್ಷ ಅವರ ಮನಸ್ಸಿನಲ್ಲಿ ಉಳಿದುದು ಯಾವ ಕ್ಷಣ? ಆ ಚಿತ್ರದ ಒಂದು ಚೂರು ನಮ್ಮ ಜಗಲಿಯ ಮೇಲೆಯೇ ಉಳಿದಿತ್ತು. ಅದನ್ನು ನಾನು ನಗೆಯಿಂದ ಅಳಿಸಿದೆ.

ಚಿತ್ರಗಳನ್ನು ಉಳಿಸುವ ಕೆಲಸ ಈಗ ನಡೆಯುತ್ತಿಲ್ಲವೆಂದಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡುದು ನಮ್ಮೆಲ್ಲರ ಭಾಗ್ಯ. ಆದರೆ ಸುರುಳಿಯೊಂದು ಉಳಿದರೆ ಸಾಲದು. ಅದನ್ನು ಕಂಡವರ ಎದೆಯಲ್ಲಿ ಅದು ಏನು ಮಾಡಿತೆಂಬುದೂ ಉಳಿಯಬೇಕು. ಆ ಕೆಲಸವನ್ನು ಯಾವ ಭಂಡಾರವೂ ಮಾಡಲಾರದು, ಅಭಿಮಾನಿಯೇ ಮಾಡಬೇಕು.

ಆದುದರಿಂದ ತರುಣ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಶುಕ್ರವಾರ ಯಾವ ಚಿತ್ರ ಬಂದರೂ ಹೋಗಿರಿ, ಹೊರಬರುವಾಗ ಧಾರಾಳವಾಗಿ ಮಾತನಾಡಿರಿ. ಗಳಿಕೆಯ ಮಾತು ಬೇಕಾದರೆ ಆಡಿಕೊಳ್ಳಿರಿ. ಆದರೆ ಮನೆ ಸೇರುವುದರೊಳಗೆ ಒಂದು ಮುಖವನ್ನು, ಒಂದು ಕೈಯ ಚಲನೆಯನ್ನು, ಒಂದು ಮೌನವನ್ನು ಹೆಸರಿಟ್ಟು ಹೇಳಿರಿ. ಮತ್ತು ಮನೆಯಲ್ಲಿ ಹಿರಿಯರೊಬ್ಬರು ಹಳೆಯ ಚಿತ್ರದ ಮಾತೆತ್ತಿದರೆ, ಕೆಲಸವಿದ್ದರೂ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ಕೇಳಿರಿ: ಹೇಗೆ ಮಾಡಿದ್ದರು?